ಸತ್ಯಾಂಶ: ದೆವ್ವ ಬಿಡಿಸಲು ಯಾವ ಪಾದ್ರಿಯಾದರೂ ಸಾಕೇ?

ವಾಸ್ಕೋ, ಬೈನಾ ಕಡೆಯ ನಮ್ಮ ಕನ್ನಡದವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಗೋವಾದ ಯಾವ ಪಾದ್ರಿಯಾದರೂ ದೆವ್ವ ಬಿಡಿಸುತ್ತಾರೆ, ಮಾತ್ರೆ ನಿಲ್ಲಿಸಿ.’ ಇದು ತಪ್ಪು.

ಯೇಸು ಶಿಷ್ಯರಿಗೆ ಸೈತಾನನ ಬಲದ ಮೇಲೆ ಅಧಿಕಾರ ಕೊಟ್ಟರು ಅನ್ನುವುದು ಕ್ರೈಸ್ತರ ನಂಬಿಕೆ. ಲೂಕನ ಸುವಾರ್ತೆ 10:19ರಲ್ಲಿ ಅದು ಇದೆ. ಮುಂದಿನ ವಚನವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ, ನೋಡಿ! ದೆವ್ವಗಳು ನಿಮ್ಮ ಮಾತು ಕೇಳುತ್ತವೆಂದು ಹಿಗ್ಗಬೇಡಿ ಅನ್ನುತ್ತದೆ ಅದು.

ಕ್ಯಾಥೊಲಿಕ್ ಸಭೆಯ 1983ರ ಕಾನೂನು ಸಂಹಿತೆಯಲ್ಲಿ 1172ನೇ ನಿಯಮವಿದೆ. ಬಿಷಪ್ಪರ ವಿಶೇಷ ಅನುಮತಿ ಇಲ್ಲದೆ ಪಾದ್ರಿ ದೆವ್ವ ಬಿಡಿಸುವ ವಿಧಿ ನಡೆಸುವಂತಿಲ್ಲ. ಅದಕ್ಕೂ ಮೊದಲು ಇದು ಕಾಯಿಲೆ ಅಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ತಲೆಯ ಮೇಲೆ ಕೈಯಿಟ್ಟು ಸುಮ್ನೆ ಪ್ರಾರ್ಥಿಸುವುದು ಬೇರೆ ಸಂಗತಿ. ಮಾತ್ರೆ ನಿಲ್ಲಿಸುವ ಮಾತು ಅಲ್ಲೂ ಇಲ್ಲ.