ಮಕ್ಕಳನ್ನೂ ಮಾತನಾಡಿಸಿ
ಹೊರದೇಶದಲ್ಲಿ ಸೇವೆಗೆ ನಿಂತ ಮಿಷನರಿ ದಂಪತಿಗಳ ಬಗೆಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಮನಮುಟ್ಟಿತು. ಆದರೆ ಮಕ್ಕಳ ಪಾಡು ಒಂದೇ ಸಾಲಿನಲ್ಲಿ ಮುಗಿದಿದೆ. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ತಮ್ಮ ಮಕ್ಕಳನ್ನು ಓದಿಗೆಂದು ಯುರೋಪಿಗೆ ಕಳುಹಿಸುವುದೇ ರೂಢಿಯಾಗಿತ್ತು. ಅದೇ ಮಿಷನ್‌ನ ಹರ್ಮನ್ ಗುಂಡರ್ಟ್ ದಂಪತಿ, 1842ರಲ್ಲಿ ಕೇರಳದ ತಲಶೇರಿಯಲ್ಲಿ ಹುಟ್ಟಿದ ತಮ್ಮ ಮಗಳು ಮೇರಿಯನ್ನು ಎಳವೆಯಲ್ಲೇ ಅಲ್ಲಿ ಬಿಟ್ಟುಬಂದರು. ಅವಳು ಹೆತ್ತವರ ಬಳಿಗೆ ಮರಳಿದ್ದು 1857ರಲ್ಲಿ!

ಇಲ್ಲಿ ಮುಂಬಯಿಯ ಘಾಟ್ಕೋಪರ್‌ನಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯ ತಂದೆತಾಯಿ ಆಫ್ರಿಕಾದಲ್ಲಿ ಮಿಷನರಿಗಳಾಗಿದ್ದಾರೆ, ಅವಳು ಅಜ್ಜಿಯ ಜೊತೆ. ರಾತ್ರಿ ವಿಡಿಯೊ ಕರೆಯಲ್ಲಿ ಅಮ್ಮ ಪ್ರಾರ್ಥನೆ ಮಾಡಿಸುತ್ತಾರೆ. ನಡುವೆ ಸಂಪರ್ಕ ಕಡಿದರೆ ಹುಡುಗಿ ಆಮೆನ್ ಹೇಳದೆ ಮೊಬೈಲ್ ಹಿಡಿದು ಕಾಯುತ್ತಾಳೆ, ಅಜ್ಜಿ ಎಷ್ಟು ಕರೆದರೂ ಊಟಕ್ಕೆ ಏಳುವುದಿಲ್ಲ. ಮಿಷನರಿಗಳನ್ನು ಕಳುಹಿಸುವ ಚರ್ಚ್ ಸಭೆಗಳು ವೀಸಾ, ಸಂಬಳ ನೋಡಿಕೊಂಡರೆ ಸಾಲದು. ರಜೆಯಲ್ಲಿ ಮಕ್ಕಳು ಹೋಗಿಬರುವ ಖರ್ಚನ್ನೂ ಹೊರಬೇಕು. ಸಂಪಾದಕರೇ, ಮುಂದಿನ ಲೇಖನದಲ್ಲಿ ಇಂಥ ಮಕ್ಕಳನ್ನೇ ದಯವಿಟ್ಟು ಮಾತನಾಡಿಸಿ.