ಎಷ್ಟು ಕೊಡುತ್ತೆ?

ಕಾರು ಮನೆಗೆ ಬಂದ ಮೂರನೆಯ ದಿನ ಭಾವನ ಫೋನು. ಕ್ಷೇಮ ಸಮಾಚಾರದ ಪೀಠಿಕೆ ಏನೂ ಇಲ್ಲ. “ಎಷ್ಟು ಕೊಡ್ತಿದೆ?” ಅಂದರು. ಕರೆಯುವ ಹಸುವಿನ ಬಗ್ಗೆ ಕೇಳಬೇಕಾದ ಪ್ರಶ್ನೆ. ಹಸುವಾದರೆ ಕರುವಿಗೆ ಬಿಟ್ಟು ಉಳಿದದ್ದನ್ನಾದರೂ ಕೊಡುತ್ತದೆ. ಇಲ್ಲಿ ನಾವೇ ಪೆಟ್ರೋಲು ಹಾಕಿಸಿ, ನಾವೇ ಓಡಿಸಿ, ನಾವೇ ಕಿಲೋಮೀಟರು ಎಣಿಸಿ, ಕೊನೆಗೆ ಅದು ‘ಕೊಟ್ಟಿತು’ ಅನ್ನಬೇಕು. ಟ್ಯಾಂಕಿನ ಮುಚ್ಚಳ ಎಡಕ್ಕಿದೆಯೋ ಬಲಕ್ಕಿದೆಯೋ ಎಂದೇ ನಾನಿನ್ನೂ ನೋಡಿರಲಿಲ್ಲ. “ಈಗಲೇ ಏನು ಗೊತ್ತಾಗುತ್ತೆ ಭಾವ, ಒಂದೆರಡು ಸರ್ವಿಸ್ ಆಗಲಿ” ಎಂದೆ. ಹೊಸ ಕಾರಿನವರೆಲ್ಲ ಹೇಳುವ ಮಾತು. ಮೂರೇ ದಿನದಲ್ಲಿ ನನ್ನ ಬಾಯಿಗೂ ಬಂದುಬಿಟ್ಟಿತ್ತು.

ಭಾವ ನನಗಿಂತ ಎರಡು ತಿಂಗಳು ಮುಂಚೆ ಕಾರು ಕೊಂಡವರು. ಕಂಪನಿ ಬೇರೆ, ಮಾಡೆಲ್ಲು ಬೇರೆ, ಎತ್ತರ ಉದ್ದ ಹೆಚ್ಚುಕಮ್ಮಿ ಒಂದೇ. ಅದೇ ಹೊತ್ತಿಗೆ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು ಎಲೆಕ್ಟ್ರಿಕ್ ಕಾರು ಕೊಂಡರು. ಹೀಗೆ ನಾವು ಮೂವರೂ ಒಂದೇ ವಾರ್ಡಿನಲ್ಲಿ ಹೆತ್ತ ಬಾಣಂತಿಯರ ಹಾಗಾದೆವು. ನಿಮ್ಮದು ರಾತ್ರಿ ಅಳುತ್ತಾ, ನಿಮ್ಮದು ಹಾಲು ಸರಿಯಾಗಿ ಕುಡಿಯುತ್ತಾ, ಬೇರೆ ಮಾತೇ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದ ಹಿರಿಯರು ಕಾರನ್ನು ನೋಡಿರಲಿಕ್ಕಿಲ್ಲ. ಆದರೂ ನಮ್ಮನ್ನು ನೋಡಿಯೇ ಹೇಳಿದಂತಿದೆ.

ಮುಚ್ಚಳದ ವಿಷಯಕ್ಕೆ ಬರುತ್ತೇನೆ. ಮರುದಿನ ಬಂಕಿಗೆ ಹೋಗಿ, ಹಳೆಯ ಕಾರಿನ ರೂಢಿಯಂತೆ ಎಡಗಡೆಗೆ ನಿಲ್ಲಿಸಿದೆ. ಪಂಪಿನ ಹುಡುಗ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, “ಆ ಕಡೆ ಸರ್” ಎಂದ. ಹಿಂದೆ ನಾಲ್ಕು ಗಾಡಿ ನಿಂತಿದ್ದವು. ತಿರುಗಿಸಿ ತಂದು ನಿಲ್ಲಿಸುವಷ್ಟರಲ್ಲಿ ಬೆವರು ಬಂತು. ಪೆಟ್ರೋಲ್ ಮೀಟರಿನ ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ ಇರುತ್ತದೆ, ಅದು ತೋರಿಸುವ ಕಡೆಗೇ ಮುಚ್ಚಳ ಎಂದು ಅವನೇ ಹೇಳಿಕೊಟ್ಟ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದ ತ್ರಿಕೋನ! ಅದರ ಹಿಂದೆ ಒಂದು ಕಥೆಯಿದೆ. ಫೋರ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದ ಜಿಮ್ ಮೊಯ್ಲನ್ ಎಂಬಾತ 1986ರಲ್ಲಿ ಒಂದು ದಿನ ಮಳೆಯಲ್ಲಿ ಕಂಪನಿಯ ಕಾರಿಗೆ ಪೆಟ್ರೋಲು ತುಂಬಿಸಲು ಹೋಗಿ, ನನ್ನಂತೆಯೇ ತಪ್ಪು ಬದಿಗೆ ನಿಲ್ಲಿಸಿ, ತೊಯ್ದು ತೊಪ್ಪೆಯಾದ. ನಾನಾಗಿದ್ದರೆ ತಲೆ ಒರೆಸಿಕೊಂಡು ಎರಡು ಬೈಗುಳ ಬೈದು ಮರೆಯುತ್ತಿದ್ದೆ. ಆತ ಕಚೇರಿಗೆ ಬಂದವನೇ ಮೀಟರಿನ ಪಕ್ಕ ಒಂದು ಗುರುತು ಹಾಕಿದರೆ ಒಳ್ಳೆಯದೆಂದು ಟಿಪ್ಪಣಿ ಬರೆದ. ಇವತ್ತು ಆ ಗುರುತು ಹೆಚ್ಚುಕಮ್ಮಿ ಎಲ್ಲ ಕಂಪನಿಗಳ ಕಾರುಗಳಲ್ಲೂ ಇದೆ.

ಇನ್ನು ‘ಕೊಡುವ’ ಲೆಕ್ಕ. ಕಂಪನಿ ಹೇಳುವ ಅಂಕಿ ಒಂದಿದೆ. ಅದು ಜಾತಕದಲ್ಲಿ ಬರೆದ ಗುಣಗಳ ಹಾಗೆ. ಸುಳ್ಳೆನ್ನುವಂತಿಲ್ಲ, ನಂಬಿದರೆ ಕೆಟ್ಟಿರಿ. ಕಾರನ್ನು ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ನಿಂತಲ್ಲೇ ಚಕ್ರ ತಿರುಗಿಸಿ ಆ ಅಂಕಿ ತೆಗೆಯುತ್ತಾರೆ. ಯುರೋಪಿನಲ್ಲಿ ದಶಕಗಳ ಕಾಲ ನಡೆದ ಹಳೆಯ ಪರೀಕ್ಷೆ ಬರೀ 11 ಕಿಲೋಮೀಟರಿನದು, 20 ನಿಮಿಷದೊಳಗೆ ಮುಗಿಯುತ್ತಿತ್ತು. 2017ರಿಂದ ಬಂದ ಹೊಸ ಪರೀಕ್ಷೆ ಸುಮಾರು 23 ಕಿಲೋಮೀಟರು, 30 ನಿಮಿಷ. ಎರಡರಲ್ಲೂ ಎ.ಸಿ. ಬಂದ್. ಎದುರಿಗೆ ಎಮ್ಮೆ ಇಲ್ಲ, ಹಿಂದಿನ ಸೀಟಿನಲ್ಲಿ ಕೂತು “ಇಲ್ಲೇ ಎಡಕ್ಕೆ, ಅಲ್ಲಲ್ಲ ಬಲಕ್ಕೆ” ಎನ್ನುವವರಿಲ್ಲ, ಡಿಕ್ಕಿಯಲ್ಲಿ ಮೂರು ತಿಂಗಳಿಂದ ಇಳಿಸದೆ ಬಿಟ್ಟ ಹಳೇ ಪತ್ರಿಕೆಯ ಕಟ್ಟಿಲ್ಲ. ಹಾಗೆ ಓಡಿಸಿದರೆ ನಾನೂ ಕೊಟ್ಟೇನು.

ಎರಡನೆಯ ಅಂಕಿ ಕಾರಿನ ಪರದೆ ತೋರಿಸುವುದು. ನನ್ನದಂತೂ ಸ್ವಲ್ಪ ಉದಾರಿ. ಮೂರನೆಯದು ನಾವೇ ತೆಗೆಯುವುದು. ಟ್ಯಾಂಕು ತುಂಬಿಸಿ ಪಂಪು ತಾನಾಗಿ ಟಕ್ಕೆಂದು ನಿಂತಲ್ಲಿಗೆ ಬಿಟ್ಟು, ಟ್ರಿಪ್ ಮೀಟರು ಸೊನ್ನೆ ಮಾಡಿ, ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಟಕ್ಕೆನ್ನುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಬೇಕು. ಭಾವ ಇದಕ್ಕೆಂದೇ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದಾರೆ. ಅದನ್ನು ಯಾರಿಗೂ ತೋರಿಸುವುದಿಲ್ಲ. ಅಕ್ಕನಿಗೂ ಸಹ.

ನಾನು ಲೆಕ್ಕ ಹಾಕಿದಾಗ ಬಂದದ್ದು ಲೀಟರಿಗೆ 14. ಭಾವ ಕೇಳಿದಾಗ 16 ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಮಗನ ಅಂಕಪಟ್ಟಿಯ ಬಗ್ಗೆ ಕೇಳಿದರೂ ನಾನು ಅಷ್ಟು ಸಲೀಸಾಗಿ ಸುಳ್ಳು ಹೇಳಲಾರೆ. ಫೋನಿನ ಆ ಕಡೆ ಒಂದು ಕ್ಷಣ ಮೌನ. “ನಂದು 17” ಎಂದರು ಭಾವ.

ಎಲೆಕ್ಟ್ರಿಕ್ ಕಾರಿನವರ ಲೋಕ ಇನ್ನೂ ಸೂಕ್ಷ್ಮ. ಅವರು ಎಷ್ಟು ಕೊಡುತ್ತೆ ಎನ್ನುವುದಿಲ್ಲ, ಎಷ್ಟು ಉಳಿದಿದೆ ಎನ್ನುತ್ತಾರೆ. ಬೆಳಿಗ್ಗೆ ಬಂದು ಕೂತ ಕೂಡಲೇ ನನ್ನ ಸಹೋದ್ಯೋಗಿ ಶೇಕಡಾವಾರು ಹೇಳಿಬಿಡುತ್ತಾರೆ, ರೋಗಿಯ ಜ್ವರ ಹೇಳುವ ನರ್ಸಿನ ಹಾಗೆ. ಊರೊಳಗಿನ ಗಿಜಿಗುಟ್ಟುವ ರಸ್ತೆಯಲ್ಲಿ ನನ್ನ ಕಾರು ಪೆಟ್ರೋಲನ್ನು ಗಟಗಟ ಕುಡಿಯುತ್ತದೆ, ಅವರದಕ್ಕೆ ಅಲ್ಲೇ ಅನುಕೂಲ; ವೇಗ ತಗ್ಗಿಸಿದಾಗಲೆಲ್ಲ ಮೋಟಾರು ಉಲ್ಟಾ ಕೆಲಸ ಮಾಡಿ ಬ್ಯಾಟರಿಗೆ ಒಂದಿಷ್ಟು ವಾಪಸು ತುಂಬುತ್ತದೆ. ಹೆದ್ದಾರಿಯಲ್ಲಿ ಗಾಳಿಯನ್ನು ಸೀಳಿಕೊಂಡು ಒಂದೇ ಸಮ ಓಡಿದರೆ ಆ ವಾಪಸಾತಿ ಇಲ್ಲ, ಚಾರ್ಜು ಬೇಗ ಕರಗುತ್ತದೆ. ಭಾವನೊಂದಿಗೆ ಅವರು ಒಮ್ಮೆ ನಮ್ಮ ಮನೆಯಲ್ಲಿ ಸಿಕ್ಕಾಗ ಇದೇ ವಿಷಯಕ್ಕೆ ಮುಕ್ಕಾಲು ಗಂಟೆ ವಾದ ನಡೆಯಿತು. “ಹೈವೇಲಿ ಜಾಸ್ತಿ ಬರುತ್ತೆ ಮೇಡಂ, ಇದು ಮಕ್ಕಳಿಗೂ ಗೊತ್ತು” ಎಂದು ಇವರು. “ಊರೊಳಗೇ ಜಾಸ್ತಿ ಸರ್, ನಾನು ದಿನಾ ನೋಡ್ತೀನಿ” ಎಂದು ಅವರು. ಇಬ್ಬರ ಮಾತೂ ಅವರವರ ಕಾರಿಗೆ ಸರಿ. ಹೇಳೋಣವೆಂದುಕೊಂಡೆ, ಜಗಳ ಚೆನ್ನಾಗಿ ಕಾವೇರಿತ್ತು, ಸುಮ್ಮನಾದೆ.

ಕೊಳ್ಳುವ ಮುಂಚಿನ ಆರು ತಿಂಗಳು ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದೆ. ಡಿಕ್ಕಿ ಎಷ್ಟು ಲೀಟರು, ಎರಡು ಚಕ್ರಗಳ ನಡುವೆ ಎಷ್ಟು ಮಿಲಿಮೀಟರು, ಯಾವ ವೇರಿಯಂಟಿಗೆ ಹಿಂದಿನ ವೈಪರ್ ಉಂಟು, ಯಾವುದಕ್ಕಿಲ್ಲ, ಎಲ್ಲ ನಾಲಗೆ ತುದಿಯಲ್ಲಿ. ಟೆಸ್ಟ್ ಡ್ರೈವಿನ ದಿನ ನನ್ನ ಹೆಂಡತಿ ಮುಂದಿನ ಸೀಟಿನಲ್ಲಿ ಕೂತು ಒಂದೇ ಪ್ರಶ್ನೆ ಕೇಳಿದಳು: “ಬ್ಯಾಗ್ ಎಲ್ಲಿಡೋದು?” ಮಾರುವ ಹುಡುಗ ಅತ್ತಿತ್ತ ನೋಡಿದ. ನಾನೂ ನೋಡಿದೆ. ಆರು ತಿಂಗಳ ಸಂಶೋಧನೆಯಲ್ಲಿ ಈ ಅಧ್ಯಾಯವೇ ಬಿಟ್ಟುಹೋಗಿತ್ತು. ಇವತ್ತಿಗೂ ಆ ಬ್ಯಾಗು ಅವಳ ಕಾಲ ಬುಡದಲ್ಲೇ ಇದೆ, ಪ್ರತಿ ಸಲ ಬ್ರೇಕು ಹಾಕಿದಾಗಲೂ ಒಂದು ಸಾಷ್ಟಾಂಗ ಹಾಕುತ್ತದೆ.

ಟೆಸ್ಟ್ ಡ್ರೈವ್ ಎನ್ನುವುದು ಹೆಣ್ಣು ನೋಡುವ ಶಾಸ್ತ್ರಕ್ಕಿಂತಲೂ ಚಿಕ್ಕದು. ಹತ್ತು ನಿಮಿಷ, ಮಾರುವವನೇ ಆರಿಸಿದ ನುಣುಪು ರಸ್ತೆ. ನಿಜವಾದ ಟೆಸ್ಟ್ ಡ್ರೈವ್ ಮಾಡಿದ್ದು ಬರ್ತಾ ಬೆಂಝ್ ಎಂಬ ಹೆಂಗಸು, 1888ರ ಆಗಸ್ಟಿನಲ್ಲಿ. ಗಂಡ ಕಾರ್ಲ್ ಬೆಂಝ್ ಮೋಟಾರು ಗಾಡಿ ಕಂಡುಹಿಡಿದು ಕೂತಿದ್ದ, ಕೊಳ್ಳುವವರಿರಲಿಲ್ಲ. ಆಕೆ ಅವನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಮೀರಿದ ದಾರಿ, ಹೊರಟೇಬಿಟ್ಟಳು. ಬಂಕೆಂಬುದೇ ಇಲ್ಲದ ಕಾಲ. ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ ಇಂಧನ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು, ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಗುಡ್ಡ ಬಂದಾಗ ಮಾತ್ರ ಇಳಿದು ತಳ್ಳಬೇಕಾಯಿತು. ಏರಿಗೆ ಇನ್ನೊಂದು ಗೇರು ಬೇಕು ಎಂದು ಗಂಡನಿಗೆ ವರದಿ ಹೋಯಿತು, ಆತ ಹಾಕಿಸಿದ. ಕಾರು ಓಡಿಸಿದವರು ಹೇಳಿದ್ದನ್ನು ಕಾರು ಮಾಡಿದವರು ಅಷ್ಟು ಬೇಗ ಕೇಳಿದ್ದು ಅದೇ ಕೊನೆಯೇನೋ. ನಾನು ಬ್ಯಾಗಿನ ವಿಷಯ ಬರೆದು ಕಳಿಸಿದ ಮಿಂಚಂಚೆಗೆ ಇನ್ನೂ ಉತ್ತರ ಬಂದಿಲ್ಲ.

ಕೊಂಡಾದ ಮೇಲೆ ಸಂಶೋಧನೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ದಿಕ್ಕು ಬದಲಿಸಿತು. ಈಗ ನಾನು ಓದುವುದು ನನ್ನ ಕಾರನ್ನು ಹೊಗಳಿದ್ದನ್ನು ಮಾತ್ರ. ಬಿಟ್ಟುಬಂದ ಕಾರಿನ ಜಾಹೀರಾತು ಬಂದರೆ ಪುಟ ತಿರುಗಿಸುತ್ತೇನೆ, ಮುರಿದುಬಿದ್ದ ಸಂಬಂಧದ ಲಗ್ನಪತ್ರಿಕೆ ಕಂಡಂತೆ. ಇದು ನನ್ನೊಬ್ಬನ ರೋಗವಲ್ಲ. 1957ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಹೊಸದಾಗಿ ಕಾರು ಕೊಂಡವರನ್ನು ಹಿಡಿದು ಪರೀಕ್ಷಿಸಿದ್ದರು: ಜನ ತಾವು ಕೊಂಡ ಕಾರಿನ ಜಾಹೀರಾತನ್ನೇ ಹೆಚ್ಚು ಓದುತ್ತಿದ್ದರು, ಕೊಳ್ಳಬೇಕೆಂದಿದ್ದು ಬಿಟ್ಟ ಕಾರುಗಳದ್ದನ್ನು ಕಡಿಮೆ. ದುಡ್ಡು ಕೊಟ್ಟಾದ ಮೇಲೆ ಜಾಹೀರಾತು ಓದುವುದು! ಭಾವನಿಗೆ ಇದನ್ನು ಹೇಳಿದೆ. “ಅದು ನಿನ್ನಂಥವರಿಗೆ. ನನ್ನ ಕಾರು ನಿಜವಾಗಲೂ ಚೆನ್ನಾಗಿದೆ” ಎಂದರು.

ಮೊದಲ ತಿಂಗಳಲ್ಲಿ ಆದದ್ದೆಲ್ಲ ಕೈಕಾಲುಗಳ ಪರದಾಟ. ಹಳೆಯ ಕಾರಿನಲ್ಲಿ ಇಂಡಿಕೇಟರ್ ಸ್ಟಿಯರಿಂಗಿನ ಬಲಕ್ಕಿತ್ತು, ಇದರಲ್ಲಿ ಎಡಕ್ಕೆ. ಹಾಗಾಗಿ ಪ್ರತಿ ತಿರುವಿನಲ್ಲೂ ಸುಡುಬಿಸಿಲಿನಲ್ಲಿ ನನ್ನ ವೈಪರು ಆಡುತ್ತಿತ್ತು. ಎದುರಿಗೆ ಬರುವವರಿಗೆ ನಾನು ತಿರುಗುತ್ತೇನೋ ಇಲ್ಲವೋ ತಿಳಿಯದು, ಗಾಜು ಸ್ವಚ್ಛವಾಗಿದೆ ಎಂದಂತೂ ತಿಳಿಯುತ್ತಿತ್ತು. ಕಾರು ಮಾತಿಗೊಮ್ಮೆ ಕೀಂಗುಡುತ್ತದೆ. ಬೆಲ್ಟು ಹಾಕದಿದ್ದರೆ ಕೀಂ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕೀಂ, ಬಿಳಿಗೆರೆ ದಾಟಿದರೆ ಕೀಂ, ಜೊತೆಗೆ ಸ್ಟಿಯರಿಂಗನ್ನು ಮೆಲ್ಲಗೆ ಎಳೆದು ದಾರಿಗೆ ತರುತ್ತದೆ. ಹಳೆಯ ಕಾರನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿರುವ ಚಿಕ್ಕಪ್ಪ ಒಂದು ಸಂಜೆ ಜೊತೆಗೆ ಬಂದಿದ್ದರು. ಮೂರು ಕೀಂ ಕೇಳಿಸಿಕೊಂಡು, “ಇದನ್ನ ನೀನು ಓಡಿಸ್ತಿದ್ದೀಯೋ, ಇದು ನಿನ್ನನ್ನ ಸಾಕ್ತಿದೆಯೋ?” ಎಂದರು.

ಹೊಸ ಕಾರಿನ ವಾಸನೆಯ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ, ಮೂವರಿಗೂ ಇಷ್ಟ. ಪ್ಲಾಸ್ಟಿಕ್ಕು, ಅಂಟು, ಫೋಮುಗಳಿಂದ ಆವಿಯಾಗುವ ರಾಸಾಯನಿಕಗಳವು. ಕಿಟಕಿ ತೆರೆದು ಓಡಿಸುವುದೇ ಒಳ್ಳೆಯದು. ಗೊತ್ತಿದ್ದೂ ನಾನು ಕಿಟಕಿ ಮುಚ್ಚಿಕೊಂಡೇ ಇದ್ದೆ.

ಮೊದಲ ಗೀರು ಹತ್ತೊಂಬತ್ತನೇ ದಿನ ಬಿತ್ತು. ನಿಲ್ಲಿಸಿದ ಜಾಗದಲ್ಲಿ ಯಾರೋ ಡಿಕ್ಕಿಗೆ ಡಿಕ್ಕಿ ಹೊಡೆದು ಹೋಗಿದ್ದರು. ಊಟ ಸೇರಲಿಲ್ಲ. ಭಾವನಿಗೆ ಫೋಟೋ ಕಳಿಸಿದೆ. ಕೂಡಲೇ ಫೋನು ಬಂತು, ದನಿಯಲ್ಲಿ ಸಂತಾಪ ತುಂಬಿತ್ತು, ನಡುವೆ ಎಲ್ಲೋ ಸಮಾಧಾನವೂ ಇತ್ತು. “ನಂದು ಹನ್ನೊಂದನೇ ದಿನವೇ ಆಗಿತ್ತು ಕಣೋ, ಹೇಳಿರಲಿಲ್ಲ” ಎಂದರು. ನಾನು ಎಂಟು ದಿನದಿಂದ ಗೆದ್ದಿದ್ದೆ. ರಾತ್ರಿ ಊಟ ಸೇರಿತು.

ನಮ್ಮ ಈ ಬಡಾಯಿಗೆ ಕಾರಿನದೇ ಮೇಲ್ಪಂಕ್ತಿ. ಹೆದ್ದಾರಿಯಲ್ಲಿ ಮೀಟರು 100 ತೋರಿಸುವಾಗ ಫೋನಿನ ಮ್ಯಾಪು 95 ಎನ್ನುತ್ತಿತ್ತು. ಮೀಟರು ಕೆಟ್ಟಿದೆಯೆಂದು ಹೆದರಿದೆ. ಕೆಟ್ಟಿಲ್ಲ, ನಿಯಮವೇ ಹಾಗಿದೆ. ಬಹಳ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರು ನಿಜವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಹೆಚ್ಚು ತೋರಿಸುವುದಾದರೆ ನಿಜವೇಗದ ಹತ್ತನೇ ಒಂದು ಭಾಗ, ಅದರ ಮೇಲೆ 4 ಕಿಲೋಮೀಟರು, ಅಷ್ಟರವರೆಗೆ ಮಾಫಿ. ಅಂದರೆ 100ರಲ್ಲಿ ಹೋಗುವ ಕಾರು 114 ಎಂದು ಹೇಳಿಕೊಂಡರೂ ತಪ್ಪಿಲ್ಲ. ನನ್ನ 16 ಅದರ ಮುಂದೆ ಏನು ಮಹಾ?

ಎರಡನೇ ತಿಂಗಳು ಡ್ಯಾಶ್‌ಬೋರ್ಡಿನ ಎಡಗಡೆಯಿಂದ ಕಿಟಕಿಟ ಎಂಬ ಸದ್ದು ಶುರುವಾಯಿತು. ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿನ ಹುಡುಗ ಪಕ್ಕದಲ್ಲಿ ಕೂತು ಅರ್ಧ ಗಂಟೆ ಸುತ್ತಿಸಿದ, ಕಾರು ಮೌನವ್ರತ. “ಏನೂ ಇಲ್ಲ ಸರ್, ನಾರ್ಮಲ್” ಎಂದು ಇಳಿದುಹೋದ. ಗೇಟು ದಾಟುತ್ತಲೇ ಕಿಟಕಿಟ. ಮನೆಯಲ್ಲಿ ದಿನಾ ಬೈದುಕೊಳ್ಳುತ್ತಿದ್ದೆ, ಹೆಂಡತಿಯ ಮುಂದೆ, ಮಗನ ಮುಂದೆ, ಕನ್ನಡಿಯ ಮುಂದೆ.

ಅದೇ ವಾರ ಕಚೇರಿಯ ಹೊಸ ಹುಡುಗನೊಬ್ಬ, ಕಾರು ಕೊಳ್ಳುವ ಯೋಚನೆಯಲ್ಲಿದ್ದವನು, ನನ್ನ ಜೊತೆ ಬಂದ. “ಗಾಡಿ ಹೇಗಿದೆ ಸರ್? ನಿಜ ಹೇಳಿ” ಎಂದ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಕಿವಿಗೊಟ್ಟು, “ಎಡಗಡೆ ಏನೋ ಸದ್ದು ಬರ್ತಿದೆಯಲ್ಲ?” ಎಂದ.

“ರಸ್ತೆದು” ಎಂದೆ. ರೇಡಿಯೋ ಒಂದಿಷ್ಟು ಜೋರು ಮಾಡಿದೆ.

ಮುಂದಿನ ವಾರ ಅವನು ಬುಕ್ ಮಾಡಲು ಹೊರಟಿದ್ದು ನನ್ನ ಕಾರನ್ನಲ್ಲ, ಭಾವನ ಮಾಡೆಲ್ಲನ್ನು. “ನಿಮ್ಮ ಭಾವನ ಹತ್ರ ಅದೇ ಇದೆಯಂತಲ್ಲ ಸರ್, ಎಷ್ಟು ಕೊಡುತ್ತೆ?” ಎಂದು ಕೇಳಿದ. ಭಾವ ಹೇಳಿದ್ದ 17ರಿಂದ ಎರಡು ಕಳೆದು, “15 ಬಂದರೆ ಹೆಚ್ಚು” ಎಂದೆ.

ಮೊನ್ನೆ ಅಕ್ಕ ಬಂದಿದ್ದಳು. ಆ ನೋಟ್‌ಬುಕ್ಕು ಒಗೆಯುವ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತಂತೆ. ಅದರಲ್ಲಿ ಪುಟಪುಟಕ್ಕೂ ಇರುವುದು 15.