ಕಾಫಿ ಬೀಜ ಅಂಗಳದಲ್ಲಿ ಸುಮ್ನೆ ಒಣಗುವುದಿಲ್ಲ

ಅಡಿಕೆ ಅಂಗಡಿಗೆ ಚಾಲಿ (ಒಣಗಿಸಿ ಸುಲಿದ ಹಣ್ಣಡಿಕೆ) ಕೊಂಡುಹೋದರೆ ಎಷ್ಟು ಪರೀಕ್ಷೆ! ಗೋಣಿಯಿಂದ ಒಂದು ಹಿಡಿ ತೆಗೆದು, ನಾಲ್ಕು ಅಡಿಕೆ ಕತ್ತರಿಸಿ, ಒಳಗಿನ ಬಣ್ಣ ನೋಡುತ್ತಾರೆ. ದರ್ಜೆಯಲ್ಲಿ ಪಟೋರ ಬೇರೆ, ಉಳ್ಳಿ ಬೇರೆ, ಕರಿಗೋಟು ಬೇರೆ. ಆಮೇಲೆ ದರ. ಅದೇ ತೋಟದ ಕಾಫಿ ಕೊಂಡುಹೋಗಿ ನೋಡಿ. ಮೀಟರಿನಲ್ಲಿ ತೇವಾಂಶ ನೋಡಿ, ಓಟಿ (ಸಿಪ್ಪೆ ತೆಗೆದರೆ ಸಿಗುವ ಬೀಜದ ಪ್ರಮಾಣ) ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಿದರೆ ಮುಗಿಯಿತು. ಹಣ್ಣು ಮಾತ್ರ ಆರಿಸಿ ಕೊಯ್ದು ಒಣಗಿಸಿದವನಿಗೂ, ಕಾಯಿ ಹಣ್ಣು ಎಲ್ಲ ಸೇರಿಸಿ ಟರ್ಪಾಲಿನ ಅಡಿ ಬೆವರಿಸಿದವನಿಗೂ ಒಂದೇ ರೇಟು.

ಹಳದಿ ರೋಗ, ಎಲೆಚುಕ್ಕಿ ರೋಗದ ಭಯ ಶುರುವಾದ ಮೇಲೆ ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅಡಿಕೆ ನಡುವೆ ರೊಬಸ್ಟಾ ಜಾತಿಯ ಕಾಫಿ ಇಡುವ ಮಾತು ಜಾಸ್ತಿ ಕೇಳುತ್ತಿದೆ. ಒಳ್ಳೆಯದೇ. ಆದರೆ ಮಾತೆಲ್ಲ ಗಿಡದ ಅಂತರ, ಗೊಬ್ಬರ, ನೆರಳಿನ ಬಗ್ಗೆ. ಕೊಯ್ದ ಮೇಲೆ ಏನು ಅಂತ ಕೇಳಿದರೆ, "ಒಣಗಿಸುವುದು, ಮತ್ತೆಂತ?"

ಅಲ್ಲೇ ನನ್ನ ತಕರಾರು. ಕಾಫಿಯ ಬೀಜ ಕೊಯ್ದ ತಕ್ಷಣ ಸಾಯುವುದಿಲ್ಲ. ಅದಕ್ಕೆ ಮೊಳಕೆ ಬರುವುದೊಂದೇ ಗೊತ್ತು. ಜರ್ಮನಿಯ ಬ್ರೌನ್‌ಶ್ವೈಗ್ ವಿಶ್ವವಿದ್ಯಾಲಯದಲ್ಲಿ ಸೆಲ್ಮಾರ್, ಬೈಟೋಫ್ ಮತ್ತು ಅವರ ಜೊತೆಯವರು ಸುಮಾರು 20 ವರ್ಷದ ಹಿಂದೆ ಇದನ್ನೇ ಅಳೆದು ತೋರಿಸಿದರು. ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದ ಬೀಜದಲ್ಲಿ ಮೊಳಕೆಯ ಚಟುವಟಿಕೆ ಎರಡೇ ದಿನದಲ್ಲಿ ಏರುತ್ತದೆ. ಸಿಪ್ಪೆ ಸಮೇತ ಒಣಗುವ ಹಣ್ಣಿನಲ್ಲಿ ಅದೇ ಕೆಲಸಕ್ಕೆ ಒಂದು ವಾರ ಬೇಕು, ತಿರುಳು ತಡೆಯುತ್ತದೆ. ಅಷ್ಟರಲ್ಲಿ ನೀರು ಕಡಿಮೆಯಾಗುತ್ತಾ ಬಂದು ಬೀಜಕ್ಕೆ ಬರಗಾಲ ಬಂದ ಹಾಗಾಗುತ್ತದೆ. ಬರಕ್ಕೆ ಸಿಕ್ಕಿದ ಗಿಡದ ಹಾಗೆಯೇ ಅದು ಗಾಬಾ ಎಂಬ ಅಮೈನೋ ಆಮ್ಲವನ್ನು ಕೂಡಿಹಾಕಿಕೊಳ್ಳುತ್ತದೆ. ಪಾರ್ಚ್‌ಮೆಂಟ್ ಮಾಡಿದ, ಅಂದರೆ ಸಿಪ್ಪೆ ತೆಗೆದು, ತೊಟ್ಟಿಯಲ್ಲಿ ಲೋಳೆ ಬಿಡಿಸಿ, ತೊಳೆದು ಒಣಗಿಸಿದ ಬೀಜದಲ್ಲಿ ಗಾಬಾ ಅಷ್ಟು ಇರುವುದಿಲ್ಲ.

ಸಕ್ಕರೆಯದ್ದು ಇನ್ನೂ ಮಜಾ ಇದೆ. ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ ಕಾಫಿ ಸಿಹಿ ಯಾಕೆ ಅಂತ ಕೇಳಿದರೆ "ಹಣ್ಣಿನ ಸಿಹಿ ಬೀಜಕ್ಕೆ ಇಳಿಯುತ್ತದೆ" ಅನ್ನುತ್ತಾರೆ. ಕೇಳಲು ಚಂದ. ಆದರೆ ಆ ಜರ್ಮನಿಯ ತಂಡ ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದಲ್ಲಿ ನೋಡಿದಾಗ ಸಿಕ್ಕಿದ್ದು ಬೇರೆ. ತೊಟ್ಟಿಯಲ್ಲಿ ಮುಳುಗಿದ ಬೀಜಕ್ಕೆ ಉಸಿರಾಡಲು ಆಮ್ಲಜನಕ ಸಾಲುವುದಿಲ್ಲ. ಬದುಕಲು ತನ್ನ ಗ್ಲೂಕೋಸು, ಫ್ರಕ್ಟೋಸನ್ನೇ ಖರ್ಚು ಮಾಡುತ್ತದೆ. ಹಾಗಾಗಿ ಪಾರ್ಚ್‌ಮೆಂಟಿನಲ್ಲಿ ಇವೆರಡು ಕಡಿಮೆ, ಚೆರ್ರಿಯಲ್ಲಿ ಜಾಸ್ತಿ. ಬೀಜದ ಮುಖ್ಯ ಸಕ್ಕರೆಯಾದ ಸುಕ್ರೋಸು ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಹುರಿಯುವಾಗ ಬಣ್ಣ, ಘಮ ಕೊಡುವುದು ಈ ಸಕ್ಕರೆ ಮತ್ತು ಅಮೈನೋ ಆಮ್ಲಗಳೇ. ಎರಡರ ಲೆಕ್ಕವೂ ಅಂಗಳದಲ್ಲಿ ಬದಲಾಗುತ್ತದೆ ಅಂದಾಯ್ತು.

ಎಲ್ಲವೂ ಬದಲಾಗುವುದಿಲ್ಲ, ಅದನ್ನೂ ಹೇಳಬೇಕು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡು ಪಟ್ಟು. ಒಗರು ಕೊಡುವ ಕ್ಲೋರೋಜೆನಿಕ್ ಆಮ್ಲವೂ ಜಾಸ್ತಿ, ಸುಕ್ರೋಸು ಕಡಿಮೆ. ಎಷ್ಟು ದುಬಾರಿ ಡ್ರಮ್ಮಿನಲ್ಲಿ ಕೊಳೆಸಿದರೂ ರೊಬಸ್ಟಾ ಅರೇಬಿಕಾ ಆಗಲ್ಲ ಮಾರಾಯ್ರೇ. ಯೂಟ್ಯೂಬ್ ನೋಡಿ ಯೀಸ್ಟು, ಅನಾನಸು ಹಾಕುವ ಮೊದಲು ಕಾಯಿಯನ್ನು ಹಣ್ಣಿನಿಂದ ಬೇರೆ ಮಾಡಿ. ಕುಡಿಯುವ ಕಾಫಿಯಲ್ಲಿ ಒಗರು ಹೆಚ್ಚಿಸುವುದು ಆ ಹಸಿರು ಕಾಯಿ.

ನಮ್ಮ ಊರಿನ ನಿಜವಾದ ಸಮಸ್ಯೆ ಒಣಗಿಸುವುದು. ಕಾಫಿ ಹಣ್ಣಾಗುವುದು ಅಡಿಕೆ ಕೊಯ್ಲಿನ ಹೊತ್ತಿಗೆ. ಅಂಗಳ ಪೂರ್ತಿ ಚಾಲಿಗೆ ಹೋಗಿರುತ್ತದೆ, ಮೂಲೆಯಲ್ಲಿ ಉಳಿದ ಜಾಗಕ್ಕೆ ಕಾಫಿ, ಅದೂ ಮೊಣಕಾಲೆತ್ತರ ರಾಶಿ. ಬೆಳಗ್ಗೆ ಆ ರಾಶಿಯೊಳಗೆ ಕೈ ಹಾಕಿ. ಮೇಲಿನ ಹಣ್ಣು ತಣ್ಣಗೆ, ಒಳಗಿನದ್ದು ಬಿಸಿ. ಅಂಟಂಟು, ಹುಳಿ ವಾಸನೆ. ಆ ಬಿಸಿ ಸೂರ್ಯನದ್ದಲ್ಲ, ಹುದುಗಿನದ್ದು. ಅಲ್ಲಿ ಬೂಸ್ಟು ಹಿಡಿದರೆ ಓಕ್ರಾಟಾಕ್ಸಿನ್ ಎಂಬ ವಿಷ ಸೇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಯುರೋಪಿನಲ್ಲಿ ಹುರಿದ ಕಾಫಿಗೆ ಇದರ ಮಿತಿ ಕೆಜಿಗೆ 5 ಮೈಕ್ರೋಗ್ರಾಂ ಇದ್ದದ್ದು 2023ರಿಂದ 3ಕ್ಕೆ ಇಳಿದಿದೆ. ಅಷ್ಟು ದೂರದ ಕಾನೂನು ನಮಗ್ಯಾಕೆ ಅನ್ನಬೇಡಿ. ನಮ್ಮ ದೇಶದ ಕಾಫಿಯಲ್ಲಿ ದೊಡ್ಡ ಪಾಲು ಹೋಗುವುದು ಅಲ್ಲಿಗೇ.

ಹಾಗಂತ ಅಡಿಕೆಯ ಪ್ಲಾಸ್ಟಿಕ್ ಮನೆಗೆ ಕಾಫಿ ತುಂಬಿಸಿ ಬಾಗಿಲು ಹಾಕಿ ಬಿಡುವುದೂ ಸರಿಯಲ್ಲ. ಬೀಜದ ಬಿಸಿ 40 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳಬೇಕು. 60ರ ಹತ್ತಿರ ಹೋದರೆ ಬೀಜದ ಜೀವಕೋಶಗಳ ಪೊರೆ ಒಡೆದು ಒಳಗಿನ ಎಣ್ಣೆ ಹೊರಗೆ ಬರುತ್ತದೆ ಅಂತ ಬ್ರೆಜಿಲಿನ ಲಾವ್ರಾಸ್ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಾರೆ. ಅಂಥ ಬೀಜ ಗೋದಾಮಿನಲ್ಲಿ ಬೇಗ ಹಳಸುತ್ತದೆ. ಒಂದು ಥರ್ಮಾಮೀಟರ್ ತೂಗುಹಾಕಿ, ಮಧ್ಯಾಹ್ನ ಎರಡೂ ಬದಿ ಪರದೆ ಎತ್ತಿ. ನಾಲ್ಕು ಬೆರಳಿಗಿಂತ ದಪ್ಪ ಹರಡಬೇಡಿ, ಗಂಟೆಗೊಮ್ಮೆ ಕೈಯಾಡಿಸಿ. ಒಂದು ಹಿಡಿ ಹಣ್ಣು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಒಣಗಿದೆ ಅಂತ ಲೆಕ್ಕ. ಆಮೇಲೆ ಮೀಟರಿನಲ್ಲಿ ನೋಡಿ, ತೇವಾಂಶ ಶೇಕಡಾ 11ರ ಹತ್ತಿರ ಬಂದಿರಬೇಕು.

ಒಣಗಿಸಿದ ಮೇಲೂ ಬೀಜ ಬದಲಾಗುತ್ತಲೇ ಇರುತ್ತದೆ. ಮಂಗಳೂರಿನ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೇಕೆಂದೇ ಬೀಜ ಬಿಟ್ಟು, ಉಬ್ಬಿಸಿ, ಹುಳಿ ಇಳಿಸಿ ಮಾನ್ಸೂನ್ಡ್ ಮಲಬಾರ್ ಅಂತ ಮಾರುತ್ತಾರೆ. ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಗುರುತೂ ಇದೆ. ಅದು ಪಳಗಿದ ಕೈಗಳ ಕೆಲಸ. ನಮ್ಮ ಅಟ್ಟದಲ್ಲಿ ಜೂನ್ ತಿಂಗಳು ಗೋಣಿ ತೇವ ಹೀರಿದರೆ ಅದು ಮಾನ್ಸೂನ್ಡ್ ಆಗುವುದಿಲ್ಲ, ಬೂಸ್ಟು ಹಿಡಿಯುತ್ತದೆ ಅಷ್ಟೇ.

ಇನ್ನು ಪಲ್ಪರ್ ತಗೊಳ್ಳುವ ಆಲೋಚನೆ ಇರುವವರಿಗೆ. ರೊಬಸ್ಟಾದ ಲೋಳೆ ದಪ್ಪ, ಬಿಡಲು ಅರೇಬಿಕಾಕ್ಕಿಂತ ಹೆಚ್ಚು ಹೊತ್ತು ಬೇಕು, ತೊಳೆಯಲು ನೀರೂ ಬೇಕು. ಬೇಸಿಗೆ ಬಂತೆಂದರೆ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದಲ್ಲಿ ನೀರು ಬೆರಳಿನಷ್ಟು. ತೊಳೆದ ನೀರನ್ನು ತೋಡಿಗೆ ಬಿಟ್ಟರೆ ಕೆಳಗಿನ ಮನೆಯವರ ಜೊತೆ ಜಗಳ ಗ್ಯಾರಂಟಿ, ಮೀನೂ ಉಳಿಯುವುದಿಲ್ಲ. ಹಾಗಾಗಿ ನಮಗೆ ಸರಿಯಾಗಿ ಒಣಗಿಸಿದ ಚೆರ್ರಿಯೇ ಸಾಕು ಅಂತ ನನ್ನ ಅಭಿಪ್ರಾಯ. ಖರೀದಿಸುವ ಸೊಸೈಟಿಗಳು ನೂರು ಗ್ರಾಂ ಹುರಿದು, ಕುಡಿದು ನೋಡಿ ದರ ಹೇಳುವ ಏರ್ಪಾಡು ಮಾಡಲಿ. ಅಲ್ಲಿಯವರೆಗೆ ಯಾರು ಯಾಕೆ ಗಂಟೆಗೊಮ್ಮೆ ಕೈಯಾಡಿಸಬೇಕು ಹೇಳಿ?

ಅಡಿಕೆ ಅಂಗಳದ ಮೇಲೆ ಬಲೆಯ ಮಂಚ ಕಟ್ಟಿ ಕಾಫಿ ಒಣಗಿಸಿದವರು ಯಾರಾದರೂ ಇದ್ದರೆ, ಖರ್ಚು ಎಷ್ಟಾಯಿತು, ಒಣಗಲು ಎಷ್ಟು ದಿನ ಹಿಡಿಯಿತು ಅಂತ ಇಲ್ಲೇ ಬರೆಯಿರಿ.